ಒಂದು ಸಾಲೂ ಬಿಟ್ಟಿಲ್ಲ ಸರ್!

ಹೊಸೂರು ರಸ್ತೆಯಿಂದ ಬೇಗೂರು ರಸ್ತೆಗೆ ತಿರುಗುವ ಕಡೆ, ಬೊಮ್ಮನಹಳ್ಳಿಯಲ್ಲಿ, ಒಂದು ಸಣ್ಣ ದರ್ಶಿನಿ ಇದೆ. ರಾತ್ರಿ ಬುಲೆಟಿನ್ ಇಲ್ಲದ ದಿನ ನಾನು ಅಲ್ಲಿ ನಿಂತು ಕಾಫಿ ಕುಡೀತೀನಿ. ಒಂದು ಸಂಜೆ ಒಬ್ಬ ಹುಡುಗ ಹತ್ತಿರ ಬಂದ. ಕೊರಳಲ್ಲಿ ಕಂಪನಿಯ ಐಡಿ ಕಾರ್ಡು, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು. "ಸರ್, ನೀವು ಟೀವೀಲಿ ಬರ್ತೀರಲ್ವಾ?" ಅಂದ. ಸಾಮಾನ್ಯವಾಗಿ ಈ ಪ್ರಶ್ನೆಯ ಹಿಂದೆಯೇ ಸೆಲ್ಫಿ ಬರುತ್ತೆ. ಇವನು ಮಾತ್ರ ಬ್ಯಾಗಿನಿಂದ ಸ್ಪೈರಲ್ ಬೈಂಡ್ ಮಾಡಿಸಿದ ದಪ್ಪ ಕಟ್ಟೊಂದನ್ನು ತೆಗೆದ.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯ ಚಿತ್ರಕಥೆ. ಬರೆದದ್ದು ಅವನೇ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಟೆಸ್ಟಿಂಗ್ ಕೆಲಸ, ಬೊಮ್ಮನಹಳ್ಳಿಯಲ್ಲಿ ಪಿಜಿ, ಊರು ಅರಕಲಗೂಡು ಕಡೆ. ಎರಡು ವರ್ಷ ರಾತ್ರಿ ಹೊತ್ತು ಕೂತು ಬರೆದಿದ್ದಾನೆ. ಒಟ್ಟು 312 ಪುಟ. ಮೂಲ ಕಾದಂಬರಿಗಿಂತಲೂ ದಪ್ಪ!

"ಒಂದು ಸಾಲೂ ಬಿಟ್ಟಿಲ್ಲ ಸರ್," ಅಂದ ಹೆಮ್ಮೆಯಿಂದ. ಆಮೇಲೆ ದನಿ ತಗ್ಗಿಸಿ, "ಮುಂದಿನ ತಿಂಗಳು ಪೇಪರ್ ಹಾಕೋಣ ಅಂತಿದೀನಿ. ಇಂಥಾ ಕಾದಂಬರಿಗಳನ್ನ, ಫ್ಯಾಂಟಸಿಗಳನ್ನ ಸಿನಿಮಾಗೆ ಬರೆಯೋದೇ ನನ್ನ ಕೆಲಸ ಆಗ್ಬೇಕು. ಮನೇಲಿ ಇನ್ನೂ ಹೇಳಿಲ್ಲ. ಆಗುತ್ತಾ ಸರ್?" ಅಂದ.

ಚರ್ಚೆಯಲ್ಲಿ ಎದುರಿಗೆ ಕೂತ ರಾಜಕಾರಣಿಗೆ ಥಟ್ ಅಂತ ಉತ್ತರ ಕೊಡೋ ನಾನು ಅವತ್ತು ತಡವರಿಸಿದೆ. ಒಂದು ಕುಟುಂಬದ ತಿಂಗಳ ಸಂಬಳದ ಪ್ರಶ್ನೆ ಅದು. "ಯೋಚನೆ ಮಾಡಿ ಹೇಳ್ತೀನಿ ಕಣಪ್ಪ" ಅಂದು ಕಳಿಸಿದೆ. ಆ ಯೋಚನೆಯೇ ಈ ಲೇಖನ.

ಮೊದಲ ಪ್ರಶ್ನೆ: ಬೇರೆಯವರು ಬರೆದ ಫ್ಯಾಂಟಸಿ ಕಾದಂಬರಿಯನ್ನು ಸಿನಿಮಾಗೆ ಒಗ್ಗಿಸಿ ಬರೆಯೋದು ಒಂದು ವೃತ್ತಿ ಆಗಬಹುದೇ? ಆಗಬಹುದು. ಅದಕ್ಕೆ ಜಗತ್ತಿನಲ್ಲಿ ಒಂದು ದೊಡ್ಡ ಉದಾಹರಣೆ ಇದೆ. ಹ್ಯಾರಿ ಪಾಟರ್ ಅಂದ ಕೂಡಲೇ ನಿಮಗೆ ಲೇಖಕಿ ಜೆ.ಕೆ. ರೌಲಿಂಗ್ ಹೆಸರು ಗೊತ್ತು, ಕನ್ನಡಕದ ಹುಡುಗನ ಮುಖ ಗೊತ್ತು. ಸ್ಟೀವ್ ಕ್ಲೋವ್ಸ್ ಗೊತ್ತಾ? 2001ರಿಂದ 2011ರವರೆಗೆ ಬಂದ 8 ಹ್ಯಾರಿ ಪಾಟರ್ ಸಿನಿಮಾಗಳಲ್ಲಿ 7ಕ್ಕೆ ಚಿತ್ರಕಥೆ ಬರೆದವರು ಆತ. ಆ ಹತ್ತು ವರ್ಷದಲ್ಲಿ ನಿರ್ದೇಶಕರು ನಾಲ್ಕು ಮಂದಿ ಬದಲಾದರು. ಬರೆಯುವ ಕೈ ಮಾತ್ರ ಒಂದು ಸಿನಿಮಾ ಬಿಟ್ಟು ಬದಲಾಗಲಿಲ್ಲ.

ಆ ಕುರ್ಚಿಗೆ ಬರುವ ಮೊದಲು ಕ್ಲೋವ್ಸ್ ಏನಾಗಿದ್ದರು? 1989ರಲ್ಲಿ 'ದಿ ಫ್ಯಾಬ್ಯುಲಸ್ ಬೇಕರ್ ಬಾಯ್ಸ್' ಅಂತ ತಾವೇ ಬರೆದು ನಿರ್ದೇಶಿಸಿ ಹೆಸರು ಮಾಡಿದರು. 1993ರಲ್ಲಿ ಮಾಡಿದ 'ಫ್ಲೆಶ್ ಅಂಡ್ ಬೋನ್' ಓಡಲಿಲ್ಲ. ಆಮೇಲೆ ಕೆಲವು ವರ್ಷ ಬರೆಯುವುದನ್ನೇ ನಿಲ್ಲಿಸಿದ್ದರು. ಮತ್ತೆ ಪೆನ್ನು ಹಿಡಿದದ್ದು ಮೈಕೆಲ್ ಶೇಬಾನ್ ಕಾದಂಬರಿ 'ವಂಡರ್ ಬಾಯ್ಸ್'ಗೆ ಚಿತ್ರಕಥೆ ಬರೆಯುವಾಗ. ಅದರಲ್ಲಿ ಮಾಯ-ಮಂತ್ರ ಏನೂ ಇಲ್ಲ, ಒಬ್ಬ ಬರಹಗಾರ ಮೇಷ್ಟರ ಕಥೆ ಅಷ್ಟೇ. ಆ ಕೆಲಸಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಅಂದ್ರೆ ಮಾಯಾಲೋಕದ ಬಾಗಿಲು ತಟ್ಟುವ ಮೊದಲು ಈ ಮನುಷ್ಯ ಗೆದ್ದು, ಸೋತು, ಸುಮ್ಮನಿದ್ದು, ಮತ್ತೆ ಎದ್ದು ಸುಮಾರು ಹತ್ತು ವರ್ಷ ಕಳೆದಿದ್ದರು. ಈ ಹತ್ತು ವರ್ಷವನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಎರಡನೇ ಪ್ರಶ್ನೆ: ಈ ಕೆಲಸದಲ್ಲಿ ನಿಜಕ್ಕೂ ಮಾಡೋದೇನು? ನಾನು ಇಂಜಿನಿಯರಿಂಗ್ ಓದಿದವನು, ಆದ್ದರಿಂದ ಲೆಕ್ಕದಿಂದ ಶುರುಮಾಡ್ತೀನಿ. ಸಿನಿಮಾದವರ ಅಂದಾಜಿನಲ್ಲಿ ಚಿತ್ರಕಥೆಯ ಒಂದು ಪುಟ ಅಂದ್ರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. ನಮ್ಮ ಹುಡುಗನ 312 ಪುಟ ಅಂದ್ರೆ 5 ಗಂಟೆ 12 ನಿಮಿಷದ ಸಿನಿಮಾ. ಎರಡು ಇಂಟರ್ವಲ್ ಕೊಟ್ಟರೂ ಜನ ಎದ್ದು ಹೋಗ್ತಾರೆ.

ಈಗ ಹ್ಯಾರಿ ಪಾಟರ್ ನೋಡಿ. ಬ್ರಿಟನ್ನಿನ ಮುದ್ರಣದಲ್ಲಿ ಮೊದಲ ಪುಸ್ತಕ 223 ಪುಟ, ಸಿನಿಮಾ 152 ನಿಮಿಷ. ಒಂದು ನಿಮಿಷಕ್ಕೆ ಪುಸ್ತಕದ ಒಂದೂವರೆ ಪುಟ ಬಿತ್ತು. ಐದನೇ ಪುಸ್ತಕ 766 ಪುಟ, ಏಳರಲ್ಲೂ ಅದೇ ದೊಡ್ಡದು. ಸಿನಿಮಾ ಎಷ್ಟು? 138 ನಿಮಿಷ! ಪುಸ್ತಕ ಮೂರೂವರೆ ಪಟ್ಟು ದಪ್ಪ ಆಯ್ತು, ಸಿನಿಮಾ 14 ನಿಮಿಷ ಕಮ್ಮಿ ಆಯ್ತು. ಒಂದು ನಿಮಿಷಕ್ಕೆ ಐದೂವರೆ ಪುಟ. ಬಾಕಿಯೆಲ್ಲ ಎಲ್ಲಿ ಹೋಯ್ತು? ಯಾರೋ ಒಬ್ಬರು ಕೂತು ತೆಗೆದಿದ್ದಾರೆ. ಯಾವುದನ್ನು ತೆಗೆಯಬೇಕು, ಯಾವುದನ್ನು ಮುಟ್ಟಬಾರದು ಅಂತ ತಿಳಿಯೋದೇ ಈ ವೃತ್ತಿಯ ವಿದ್ಯೆ.

ಇದನ್ನು ಮನೆ ರಿಪೇರಿಗೆ ಹೋಲಿಸಿ. ಹಳೇ ಮನೆ ಕೊಂಡು ಒಳಗಡೆ ಒಡೆಸ್ತೀರಿ. ಗೋಡೆ ಒಡೆದರೆ ಎರಡು ಕೋಣೆ ಸೇರಿ ಒಂದು ಹಾಲ್ ಆಗುತ್ತೆ, ಮನೆ ನಿಲ್ಲುತ್ತೆ. ಪಿಲ್ಲರ್ ಒಡೆದರೆ ಮೇಲಿನ ಮಹಡಿ ತಲೆ ಮೇಲೆ ಬೀಳುತ್ತೆ. ಕಷ್ಟ ಏನಂದ್ರೆ, ಪ್ಲಾಸ್ಟರಿಂಗ್ ಆದಮೇಲೆ ಗೋಡೆ ಯಾವುದು ಪಿಲ್ಲರ್ ಯಾವುದು ಹೊರಗಿನಿಂದ ಗೊತ್ತಾಗಲ್ಲ.

ಹ್ಯಾರಿ ಪಾಟರ್ ಪುಸ್ತಕಗಳಲ್ಲಿ ಪೀವ್ಸ್ ಅಂತ ಒಂದು ಕೀಟಲೆ ಭೂತ ಇದೆ, ಓದಿದ ಮಕ್ಕಳಿಗೆ ಅಚ್ಚುಮೆಚ್ಚು. ಮೊದಲ ಸಿನಿಮಾಗೆ ರಿಕ್ ಮಾಯಲ್ ಅನ್ನೋ ನಟನಿಂದ ಆ ಪಾತ್ರ ಮಾಡಿಸಿ ಚಿತ್ರೀಕರಣವೂ ಆಗಿತ್ತು. ಕೊನೆಗೆ ಪೂರ್ತಿ ತೆಗೆದರು. ಮಕ್ಕಳಿಗೆ ಬೇಜಾರಾಯ್ತು, ಆದರೆ ಕಥೆ ಬೀಳಲಿಲ್ಲ. ಅದು ಗೋಡೆ.

ಐದನೇ ಸಿನಿಮಾ ಕ್ಲೋವ್ಸ್ ಬರೆಯದೇ ಬಿಟ್ಟ ಒಂದೇ ಒಂದು ಸಿನಿಮಾ, ಬರೆದವರು ಮೈಕೆಲ್ ಗೋಲ್ಡನ್‌ಬರ್ಗ್. ಕ್ರೀಚರ್ ಅಂತ ಒಬ್ಬ ಗೊಣಗುವ ಮನೆಯಾಳು ಇದ್ದಾನೆ. 766 ಪುಟ ಇಳಿಸಬೇಕಲ್ಲ, ಕರಡಿನಲ್ಲಿ ಅವನನ್ನು ಬಿಟ್ಟರು. ಆಗ ರೌಲಿಂಗ್ ಅವರೇ ತಡೆದರು: ಅವನು ಇರಲಿ, ಮುಂದೆ ಬೇಕಾಗ್ತಾನೆ ಅಂತ. ಯಾಕೆ ಅಂತ ಓದುಗರಿಗೆ ಗೊತ್ತಾಗೋಕೆ ಏಳನೇ ಪುಸ್ತಕ ಬರಬೇಕಾಯ್ತು. ಅದು ಬಂದದ್ದು 2007ರ ಜುಲೈನಲ್ಲಿ, ಐದನೇ ಸಿನಿಮಾ ತೆರೆಗೆ ಬಂದ ಅದೇ ತಿಂಗಳು. ಇಡೀ ಕಥೆಯ ಬೀಗ ತೆಗೆಯೋ ಒಂದು ಲಾಕೆಟ್ಟಿನ ರಹಸ್ಯ ಈ ಗೊಣಗುಮಾರಿ ಆಳಿನ ಹತ್ತಿರ ಇತ್ತು! ಮೇಲಿನ ಮಹಡಿಯ ನಕ್ಷೆ ಲೇಖಕಿಯ ತಲೆಯಲ್ಲಿ ಮಾತ್ರ ಇರುವಾಗ ಕೆಳಗಿನ ಮಹಡಿ ಒಡೆಯೋ ಕೆಲಸ ಅದು.

ಮೂರನೇ ಬಗೆಯೂ ಇದೆ. 2004ರ ಮೂರನೇ ಸಿನಿಮಾದಲ್ಲಿ ಒಂದು ಮಾಯದ ನಕ್ಷೆ ಬರುತ್ತೆ. ಅದನ್ನು ಬರೆದ ನಾಲ್ವರು ಗೆಳೆಯರು ಯಾರು ಅಂತ ಪುಸ್ತಕ ಹೇಳುತ್ತೆ, ಸಿನಿಮಾ ಹೇಳಲ್ಲ. ಕಥೆ ಬೀಳಲಿಲ್ಲ ನಿಜ, ಆದರೆ ಓದುಗರು ಇವತ್ತಿಗೂ ಆ ಬಿರುಕು ತೋರಿಸ್ತಾರೆ. ಬರೆದದ್ದು ಕ್ಲೋವ್ಸ್ ಅವರೇ. ಪಳಗಿದ ಕೈಗೂ ಇದು ಸುಲಭದ ಕೆಲಸ ಅಲ್ಲ.

ಹಾಗಾದ್ರೆ ಫ್ಯಾಂಟಸಿಯಲ್ಲಿ ಪಿಲ್ಲರ್ ಅಂದ್ರೆ ಯಾವುದು? ನನಗೆ ಕಂಡ ಉತ್ತರ ಒಂದೇ: ಆ ಲೋಕದ ನಿಯಮ. ಮಾಯೆ ಯಾರಿಗೆ ಒಲಿಯುತ್ತೆ, ಯಾವಾಗ ಒಲಿಯಲ್ಲ, ಅದಕ್ಕೆ ಏನು ಬೆಲೆ ಕೊಡಬೇಕು? ಇದನ್ನು ಉಳಿಸಿಕೊಂಡರೆ ಬಾಕಿ ಏನನ್ನಾದರೂ ಬಿಡಬಹುದು. ಇದನ್ನು ಬಿಟ್ಟರೆ ಎಷ್ಟು ಕೋಟಿಯ ಗ್ರಾಫಿಕ್ಸ್ ಸುರಿದರೂ ಜನ ನಂಬಲ್ಲ.

ಇದೇನು ಹೊರಗಿನ ವಿದ್ಯೆ ಅಂದುಕೊಳ್ಳಬೇಡಿ. ಗಿರೀಶ ಕಾರ್ನಾಡರ 'ನಾಗಮಂಡಲ' ನಾಟಕ 1988ರದ್ದು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಹುಟ್ಟಿದ್ದು. 1997ರಲ್ಲಿ ಟಿ.ಎಸ್. ನಾಗಾಭರಣ ಸಿನಿಮಾ ಮಾಡಿದರು. ಹಾವು ಗಂಡನ ರೂಪದಲ್ಲಿ ರಾತ್ರಿ ಬರುತ್ತೆ, ಹಗಲಿನ ಗಂಡ ಬೇರೆ, ಅವಳು ಅದನ್ನು ಪ್ರಶ್ನೆ ಮಾಡುವಂತಿಲ್ಲ. ನಿಯಮ ಇಷ್ಟೇ. ಇಡೀ ಕಥೆ ಅದರ ಮೇಲೆ ನಿಂತಿದೆ. 2022ರ 'ಕಾಂತಾರ' ನೆನಪಿಸಿಕೊಳ್ಳಿ. ರಾಜ ದೈವಕ್ಕೆ ಮಾತು ಕೊಟ್ಟು ಜನಕ್ಕೆ ಭೂಮಿ ಬಿಟ್ಟಿದ್ದಾನೆ, ಮಾತು ಮುರಿದರೆ ದೈವ ಸುಮ್ಮನಿರಲ್ಲ. ಕರಾವಳಿ ಕಾಣದವರಿಗೂ ಅದು ಅರ್ಥ ಆಯ್ತು, ಯಾಕಂದ್ರೆ ನಿಯಮ ಸ್ಪಷ್ಟ ಇತ್ತು.

ಮೂರನೇ ಪ್ರಶ್ನೆ: ಕನ್ನಡದಲ್ಲಿ ಈ ಕೆಲಸ ಇತ್ತೇ? ಕಾದಂಬರಿಯನ್ನು ತೆರೆಗೆ ತರುವ ಕೆಲಸ ನಮ್ಮಲ್ಲಿ ಜೋರಾಗಿಯೇ ಇತ್ತು. 1967ರ 'ಬೆಳ್ಳಿಮೋಡ', 1971ರ 'ಶರಪಂಜರ' ಎರಡೂ ತ್ರಿವೇಣಿಯವರ ಕಾದಂಬರಿ. 1972ರ 'ಬಂಗಾರದ ಮನುಷ್ಯ' ಟಿ.ಕೆ. ರಾಮರಾವ್ ಅವರದ್ದು. ದೊರೆ-ಭಗವಾನ್ ಜೋಡಿ ತಮ್ಮ ವೃತ್ತಿಯ ದೊಡ್ಡ ಪಾಲನ್ನು ಕಾದಂಬರಿಗಳ ಮೇಲೆಯೇ ಕಟ್ಟಿತು: ವಾಣಿಯವರ 'ಎರಡು ಕನಸು', ಭಾರತೀಸುತರ 'ಬಯಲು ದಾರಿ', 'ಗಿರಿಕನ್ಯೆ'. ನಮ್ಮ ಅಮ್ಮಂದಿರು ಮೊದಲು ಲೈಬ್ರರಿಯಿಂದ ತಂದು ಓದಿ, ಆಮೇಲೆ ಟಾಕೀಸಿಗೆ ಹೋಗಿ ಅತ್ತು ಬಂದವರು.

ಒಡೆದು ಕಟ್ಟುವ ವಿದ್ಯೆಗೆ ನಮ್ಮಲ್ಲಿ ದೊಡ್ಡ ಪಾಠ ಅಂದ್ರೆ 1972ರ 'ನಾಗರಹಾವು'. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ', ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ ಒಂದೇ ಸಿನಿಮಾ ಮಾಡಿದರು. ರಾಮಾಚಾರಿ ಮನೆಮಾತಾದ, ಚಾಮಯ್ಯ ಮೇಷ್ಟ್ರು ಮನೆಮಾತಾದರು. ಆದರೆ ತನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ತ.ರಾ.ಸು. ನೊಂದುಕೊಂಡರು ಅನ್ನೋ ಮಾತು ಗಾಂಧಿನಗರದಲ್ಲಿ ಇವತ್ತಿಗೂ ಓಡಾಡುತ್ತೆ. ಯಾರು ಸರಿ? ನನ್ನ ಕೇಳಿದರೆ ಇಬ್ಬರೂ ಸರಿ. ಲೇಖಕನಿಗೆ ತಾನು ಬರೆದ ಪ್ರತಿ ಗೋಡೆಯೂ ಪಿಲ್ಲರೇ. ಸಿನಿಮಾ ಮಾಡುವವನಿಗೆ ಮೂರು ಗಂಟೆಯ ಸೈಟು ಮಾತ್ರ ಇದೆ.

ಗಮನಿಸಿ, ಇಲ್ಲೆಲ್ಲ ನಾನು ಹೇಳಿದ್ದು ಕಾದಂಬರಿಕಾರರ ಹೆಸರು, ನಿರ್ದೇಶಕರ ಹೆಸರು. ನಡುವೆ ಚಿತ್ರಕಥೆಗಾರ ಅಂತ ಪ್ರತ್ಯೇಕ ಹೆಸರು ಬರಲೇ ಇಲ್ಲ. ನಮ್ಮಲ್ಲಿ ಬಹುತೇಕ ಆ ಕೆಲಸ ನಿರ್ದೇಶಕರೇ ಮಾಡ್ತಿದ್ದರು. ಅದು ತಪ್ಪು ಅಂತಲ್ಲ. ಆದರೆ ಹಾಡು ಬರೆಯೋದು, ಸಂಭಾಷಣೆ ಬರೆಯೋದು ಬೇರೆ ವೃತ್ತಿ ಆದ ಹಾಗೆ ಕಾದಂಬರಿಯನ್ನು ಒಗ್ಗಿಸೋದು ಬೇರೆ ವೃತ್ತಿ ಆಗಲಿಲ್ಲ. ಕಾದಂಬರಿ ಸಿನಿಮಾಗಳ ಅಲೆ ಇಳಿದಾಗ ಆ ವಿದ್ಯೆಯೂ ಇಳಿದುಹೋಯ್ತು. ಕಲಿಸಿಕೊಡೋಕೆ ಗುರುಗಳೇ ಉಳಿಯಲಿಲ್ಲ.

ಇನ್ನು ಫ್ಯಾಂಟಸಿ. ನಮ್ಮ ತೆರೆಯ ಮೇಲೆ ಮಾಯ-ಮಂತ್ರ ಬಂದದ್ದು ಹೆಚ್ಚಾಗಿ ಪುರಾಣ, ಜನಪದದಿಂದ. 1934ರ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ವೇ ರಾಮಾಯಣದ ಕಥೆ. ಉಡುಪಿ ಪಕ್ಕದ ಉದ್ಯಾವರದ ಬಿ. ವಿಠಲಾಚಾರ್ಯ ಕನ್ನಡದಲ್ಲಿ ಶುರುಮಾಡಿ, ತೆಲುಗಿಗೆ ಹೋಗಿ, ಮಾಯೆಯ ಸಿನಿಮಾಗಳಿಂದ ಅಲ್ಲಿ 'ಜಾನಪದ ಬ್ರಹ್ಮ' ಅನ್ನಿಸಿಕೊಂಡರು. ಈಗ ಕಾಲ ಬದಲಾಗಿದೆ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಕಾನೂನುಬಾಹಿರ ಅಂದಿತು. 2022ರಲ್ಲಿ 'ಅವತಾರ್' ಎರಡನೇ ಭಾಗ ಕನ್ನಡ ಮಾತಾಡಿಕೊಂಡೇ ಬಂತು. ಬೊಮ್ಮನಹಳ್ಳಿಯ ಮಗು ಇವತ್ತು ಬೇರೆ ಗ್ರಹದ ಕಥೆಯನ್ನು ಕನ್ನಡದಲ್ಲಿ ಕೇಳಬಹುದು. ಸಂತೋಷ. ಆದರೆ ಮಾತು ನಮ್ಮದು, ಕನಸು ಇನ್ನೊಬ್ಬರದು. ನಮ್ಮ ಕನಸಿನ ಪುಸ್ತಕಗಳು ಕಪಾಟಿನಲ್ಲಿ ಧೂಳು ಹಿಡೀತಿವೆ.

ಯಾವ ಪುಸ್ತಕ ಅಂತೀರಾ? ದೇವುಡು ನರಸಿಂಹಶಾಸ್ತ್ರಿಗಳ 'ಮಹಾಬ್ರಾಹ್ಮಣ'. ರಾಜನಾಗಿದ್ದ ವಿಶ್ವಾಮಿತ್ರ ಬ್ರಹ್ಮರ್ಷಿಯಾಗುವ ಕಥೆ. ನಹುಷನ ಕಥೆಯ 'ಮಹಾಕ್ಷತ್ರಿಯ'ಕ್ಕೆ 1962ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ರಾಜ್‌ಕುಮಾರ್ ಅವರ 1975ರ 'ಮಯೂರ'ವೂ ದೇವುಡು ಅವರ ಕಾದಂಬರಿಯೇ. ಚರಿತ್ರೆಯ ದೇವುಡು ತೆರೆಗೆ ಬಂದರು, ತಪಸ್ಸು ಮತ್ತು ದೇವಲೋಕದ ದೇವುಡು ಪುಸ್ತಕದಲ್ಲೇ ಉಳಿದರು.

ವಿಶ್ವಾಮಿತ್ರನ ಪುರಾಣದಲ್ಲಿ ನಿಯಮ ಎಷ್ಟು ಚೆನ್ನಾಗಿದೆ ನೋಡಿ. ತಪಸ್ಸು ಅಂದ್ರೆ ಬ್ಯಾಟರಿ ಚಾರ್ಜ್ ಇದ್ದಂಗೆ. ವರ್ಷಗಟ್ಟಲೆ ತುಂಬಿಸಬೇಕು. ತ್ರಿಶಂಕುವನ್ನು ಮೇಲಕ್ಕೆ ಕಳಿಸಿದರೆ ಖರ್ಚಾಗುತ್ತೆ. ಸಿಟ್ಟಿನಿಂದ ರಂಭೆಗೆ ಶಾಪ ಕೊಟ್ಟರೆ ಖರ್ಚಾಗುತ್ತೆ. ಶಕ್ತಿ ಬಳಸಿದಷ್ಟೂ ಗುರಿ ದೂರ ಹೋಗುತ್ತೆ. ಕೊನೆಗೆ ಗೆಲ್ಲೋದು ಶಕ್ತಿ ಬಳಸದೇ ಇರೋದು ಕಲಿತಾಗ! ಇದಕ್ಕಿಂತ ಗಟ್ಟಿ ಪಿಲ್ಲರ್ ಯಾವ ಇಂಗ್ಲಿಷ್ ಫ್ಯಾಂಟಸಿಯಲ್ಲಿದೆ? ಕಷ್ಟವೂ ಇದೆ. ಕಣ್ಣು ಮುಚ್ಚಿ ಕೂತವನ ಒಳಗೆ ನಡೆಯೋದನ್ನು ಕ್ಯಾಮೆರಾ ಹೇಗೆ ನೋಡಬೇಕು? ಅದನ್ನು ಕಂಡುಹಿಡಿಯೋನೇ ಚಿತ್ರಕಥೆಗಾರ.

ನಾಲ್ಕನೆಯದು ನಮ್ಮ ಹುಡುಗ ಯೋಚಿಸಿಯೇ ಇರದ ವಿಷಯ, ಕಾನೂನು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕ ತನ್ನ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಯ ಹಕ್ಕು ಅವನ ಮರಣದ ನಂತರವೂ 60 ವರ್ಷ ಇರುತ್ತೆ. ಅದನ್ನು ಸಿನಿಮಾ ಮಾಡುವ ಹಕ್ಕೂ ಅದರಲ್ಲೇ ಸೇರಿದೆ. ತೇಜಸ್ವಿ ತೀರಿಕೊಂಡದ್ದು 2007ರಲ್ಲಿ. ಅಂದ್ರೆ 'ಕರ್ವಾಲೊ' 2067ರ ಕೊನೆಯವರೆಗೆ ಹಕ್ಕುದಾರರ ಲಿಖಿತ ಅನುಮತಿ ಇಲ್ಲದೆ ಸಿನಿಮಾ ಆಗುವಂತಿಲ್ಲ. ದೇವುಡು ತೀರಿಕೊಂಡದ್ದು 1962ರಲ್ಲಿ. ಅವರ ಕಾಲದಲ್ಲೇ ಅಚ್ಚಾದ 'ಮಹಾಬ್ರಾಹ್ಮಣ'ದ ಹಕ್ಕಿನ ಅವಧಿ 2022ರ ಕೊನೆಗೆ ಮುಗಿದಿದೆ. ಈಗ ಅದು ಎಲ್ಲರ ಸೊತ್ತು.

ಅನುಮತಿ ಸಿಕ್ಕರೂ ಮನಸ್ಸಿಗೆ ಬಂದಂತೆ ಮಾಡುವಂತಿಲ್ಲ. ಹಿಂದಿ ಲೇಖಕಿ ಮನ್ನೂ ಭಂಡಾರಿ ತಮ್ಮ 'ಆಪ್ಕಾ ಬಂಟಿ' ಕಾದಂಬರಿಯ ಸಿನಿಮಾ ವಿಚಾರದಲ್ಲಿ ಕೋರ್ಟಿಗೆ ಹೋಗಿದ್ದರು. 1986ರಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದರ ಸಾರ ಇಷ್ಟು: ಮಾಧ್ಯಮ ಬದಲಾದಾಗ ಕೆಲವು ಬದಲಾವಣೆ ಬೇಕಾಗುತ್ತೆ, ಆದರೆ ಹಕ್ಕು ಮಾರಿದ ಮೇಲೂ ಕೃತಿಯನ್ನು ವಿರೂಪ ಮಾಡದಂತೆ ತಡೆಯುವ ಅಧಿಕಾರ ಲೇಖಕರಿಗೆ ಇರುತ್ತೆ. ಗೋಡೆ ಒಡೆಯಿರಿ, ಪಿಲ್ಲರ್ ಮುಟ್ಟಬೇಡಿ. ಕೋರ್ಟೂ ಅದನ್ನೇ ಹೇಳಿದ್ದು.

ಎರಡು ವಾರ ಬಿಟ್ಟು ಅದೇ ದರ್ಶಿನಿಯಲ್ಲಿ ಹುಡುಗ ಸಿಕ್ಕ. ಅಷ್ಟರಲ್ಲಿ ನಾನು ಅವನ 312 ಪುಟ ಓದಿದ್ದೆ. ನೇರವಾಗಿ ಹೇಳಿದೆ. ಶ್ರದ್ಧೆ ಇದೆ, ಕಣ್ಣಿದೆ, ಕಾಡು ಚೆನ್ನಾಗಿ ಕಾಣುತ್ತೆ. ಆದರೆ ಇದು ಚಿತ್ರಕಥೆ ಅಲ್ಲ, ಪುಸ್ತಕದ ನಕಲು. ಒಂದು ಸಾಲೂ ಬಿಟ್ಟಿಲ್ಲ ಅಂದ್ರೆ ಒಂದು ನಿರ್ಧಾರವನ್ನೂ ಮಾಡಿಲ್ಲ ಅಂತ ಅರ್ಥ. ಆ ಹಾರುವ ಓತಿ ಕೊನೆಯಲ್ಲಿ ಹಾರುತ್ತಲ್ಲ, ಅದಕ್ಕಾಗಿ ಪ್ರೇಕ್ಷಕ ಎರಡು ಗಂಟೆ ಕಾಯಬೇಕು. ಹಾಗೆ ಕಾಯಿಸೋಕೆ ಏನೇನು ಬೇಕೋ ಅಷ್ಟೇ ಇರಲಿ. ಹಕ್ಕಿನ ವಿಷಯವನ್ನೂ ಹೇಳಿದೆ. ಮುಖ ಸಪ್ಪಗಾಯ್ತು. ಎರಡು ವರ್ಷದ ನಿದ್ದೆಗೆಟ್ಟ ಲೆಕ್ಕ ಅದು, ನನಗೂ ಹೊಟ್ಟೆ ಚುರುಕ್ ಅಂತು.

"ಹಂಗಾದ್ರೆ ಪೇಪರ್ ಹಾಕಬೇಡ ಅಂತೀರಾ ಸರ್?"

"ಈಗ ಬೇಡ," ಅಂದೆ. "ಕ್ಲೋವ್ಸ್‌ಗೆ ಹತ್ತು ವರ್ಷ ಹಿಡೀತು. ಅದೂ ಚಿತ್ರಕಥೆಗೆ ಪ್ರತ್ಯೇಕ ಕುರ್ಚಿ, ಪ್ರತ್ಯೇಕ ಸಂಬಳ ಇರುವ ಊರಿನಲ್ಲಿ. ನಮ್ಮಲ್ಲಿ ಆ ಕುರ್ಚಿ ಇನ್ನೂ ಹಾಕಿಲ್ಲ. ಸಂಬಳ ಇರಲಿ, ರಾತ್ರಿ ಬರಿ. 'ಮಹಾಬ್ರಾಹ್ಮಣ' ತಗೋ, ಯಾರನ್ನೂ ಕೇಳಬೇಕಿಲ್ಲ. 120 ಪುಟ ದಾಟಬೇಡ. ಏನು ಬಿಟ್ಟೆ, ಯಾಕೆ ಬಿಟ್ಟೆ ಅಂತ ಪಕ್ಕದಲ್ಲಿ ಒಂದು ಪಟ್ಟಿ ಮಾಡು. ಯಾರಾದ್ರೂ ನಿರ್ಮಾಪಕರ ಹತ್ತಿರ ಹೋದಾಗ ಚಿತ್ರಕಥೆಯ ಜೊತೆ ಆ ಪಟ್ಟೀನೂ ತೋರಿಸು. ಒಪ್ಪಂದದಲ್ಲಿ 'ಚಿತ್ರಕಥೆ' ಅಂತ ನಿನ್ನ ಹೆಸರು ಬರದೇ ಸಹಿ ಹಾಕಬೇಡ. ಅಪ್ಪ-ಅಮ್ಮನಿಗೆ ಮಾತ್ರ ಇವತ್ತೇ ಹೇಳು."

ಅವನು ತಲೆಯಾಡಿಸಿ ಹೋದ. ಮೊನ್ನೆ ರಾತ್ರಿ ಒಂದು ಮೆಸೇಜು ಬಂತು. ಮೊದಲ ದೃಶ್ಯ ಬರೆದಿದ್ದಾನಂತೆ, ಮೂರೇ ಪುಟ. ಜೊತೆಗೆ ಬಿಟ್ಟದ್ದರ ಪಟ್ಟಿ, ಅದು ಏಳು ಪುಟ.

ದಾರಿ ಸರಿ ಇದೆ ಅನ್ನಿಸ್ತು.